ಪಂಜರದ ದಾಂಪತ್ಯ

ಗಿಳಿಯನ್ನು ಸಾಕುವ ಸಂಪ್ರದಾಯ ನಮ್ಮ ದೇಶದಲ್ಲಿ ಅತ್ಯಂತ ಪ್ರಾಚೀನವಾದುದು. ಅದನ್ನು ಪುರಾಣಿಕರು ಮನ್ಮಥನ ವಾಹನವನ್ನಾಗಿ ಮಾಡಿದರು. ಅದಕ್ಕೂ ಸಾರಿಕೆಗೂ ಮಾತು ಕಲಿಸುವ ವಿದ್ಯೆಯನ್ನು ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಸೇರಿಸಿದನು. ಬಾಣಭಟ್ಟನು ತನ್ನ ಕಾದಂಬರಿಯ ಕಥೆಯನ್ನು ಹೇಳುವ ಭಾರವನ್ನೇ ವೈಶಂಪಾಯನನೆಂಬ ಗಿಳಿಯ ಮೇಲೆ ಹೊರಿಸಿದನು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶುಕಭಾಷಿಣಿಯೆಂಬ ಮದನಿಕೆ ಇಂದಿಗೂ ತನ್ನ ಗಿಳಿಯೊಡನೆ ಸಲ್ಲಾಪದಲ್ಲಿ ತೊಡಗಿರುವಳು. ಇಷ್ಟೆಲ್ಲ ಆದರೂ, ಪರರ ಪ್ರಣಯಕ್ಕೆ ದೂತನಾಗಿಯೂ ಸಾಕ್ಷಿಯಾಗಿಯೂ ಒದಗಿದ ಈ ಹಕ್ಕಿಗೆ ತನ್ನದೇ ಆದ ಪ್ರಣಯವೊಂದು ಇದ್ದೀತು, ಅದಕ್ಕೆ ಅನುರೂಪವಾದ ಮನೆಯೊಂದು ಬೇಕಾದೀತು ಎಂಬ ಚಿಂತೆ ನಮ್ಮ ಪೂರ್ವಿಕರನ್ನು ಬಾಧಿಸಿದಂತೆ ತೋರುವುದಿಲ್ಲ. ಪೊಟರೆಯಿಂದ ಮರಿಯನ್ನು ತೆಗೆದು ತಂದು, ಒಂಟಿಯಾಗಿ ಪಂಜರದಲ್ಲಿಟ್ಟು, ಹಣ್ಣನ್ನೂ ನೆನೆಸಿದ ಕಡಲೆಯನ್ನೂ ಇತ್ತು, ರಾಮನಾಮವನ್ನು ಕಲಿಸುವುದೇ ಸಾಕಣೆಯೆನಿಸಿತ್ತು. ಒಂಟಿ ಹಕ್ಕಿಯೇ ಹೆಚ್ಚು ಮಾತು ಕಲಿಯುವುದಾದ್ದರಿಂದ ಆ ಒಂಟಿತನವನ್ನು ಯಾರೂ ದೋಷವೆಂದು ಎಣಿಸಲಿಲ್ಲ.

ಗಿಳಿಗಳನ್ನು ಗುಂಪಾಗಿ ಸಾಕಿ, ಅವು ಪಂಜರದೊಳಗೇ ಜೋಡಿಯಾಗಿ ಮರಿಗಳನ್ನು ಬೆಳೆಸುವಂತೆ ಮಾಡುವ ಪದ್ಧತಿ ತೀರ ಈಚಿನದು. ಅದಕ್ಕೆ ಇನ್ನೂ 200 ವರ್ಷ ತುಂಬಿಲ್ಲ. ಆ ವಿದ್ಯೆಯನ್ನು ಮನುಷ್ಯರಿಗೆ ಕಲಿಸಿದುದು ಆಸ್ಟ್ರೇಲಿಯದ ಒಳನಾಡಿನಲ್ಲಿ ಹುಟ್ಟಿದ, ಬಾಲವೂ ಸೇರಿ ಗೇಣುದ್ದವೂ ಇಲ್ಲದ ಹಸುರು ಗಿಳಿಯೊಂದು. ಇಂಗ್ಲಿಷರು ಬಡ್ಜರಿಗಾರ್ ಎನ್ನುವ, ನಮ್ಮ ಊರುಗಳ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂಬ ಹೆಸರಿನಿಂದ ಮಾರಾಟವಾಗುವ ಈ ಹಕ್ಕಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದರ ಬಣ್ಣಗಳನ್ನೂ ಪ್ರದರ್ಶನಗಳಲ್ಲಿ ಅದು ಗಳಿಸಿದ ಬಹುಮಾನಗಳನ್ನೂ ಕುರಿತು ಬರೆದಿರುವರು. ನನಗಾದರೋ ಅದು ಪ್ರಧಾನವಾಗಿ ವಾಸಗೃಹದ ಚರಿತ್ರೆಯಾಗಿ ಕಾಣುತ್ತದೆ: ಯಾವ ಮನೆಯಲ್ಲಿ ಇದರ ಪ್ರಣಯ ಚಿಗುರುವುದು, ಯಾವುದರಲ್ಲಿ ಬಾಡುವುದು, ಯಾವುದರಲ್ಲಿ ಕಲಹವಾಗಿ ಪರಿಣಮಿಸುವುದು ಎಂಬುದನ್ನು ಸಾಕುವವರು ಅನೇಕ ಹಕ್ಕಿಗಳ ಪ್ರಾಣದ ಬೆಲೆಯನ್ನು ತೆತ್ತು ಕಲಿತುಕೊಂಡ ಚರಿತ್ರೆ.

1805ರಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞನು ಈ ಹಕ್ಕಿಯ ವರ್ಣನೆಯನ್ನು ಪ್ರಕಟಿಸಿದನಾದರೂ ಅವನ ಕಣ್ಣ ಮುಂದಿದ್ದುದು ನಿರ್ಜೀವವಾದ ಮಾದರಿ. ಜೀವಂತವಾದ ಹಕ್ಕಿಯನ್ನು ಅದರ ಸಂಸಾರದ ನಟ್ಟನಡುವೆ ಕಂಡು ಬರೆದವನು ಜಾನ್ ಗೌಲ್ಡ್. ತೋಟಗಾರನೊಬ್ಬನ ಮಗನಾಗಿ ಹುಟ್ಟಿ, ಸತ್ತ ಪಕ್ಷಿಗಳ ಚರ್ಮದೊಳಗೆ ಹತ್ತಿ ತುಂಬಿ ನಿಲ್ಲಿಸುವ ಕೆಲಸದಿಂದ ಮೇಲೆ ಬಂದ ಈತನು, 1838ರಲ್ಲಿ, ಚಿತ್ರಲೇಖನದಲ್ಲಿ ತನಗೆ ಬಲಗೈಯಾಗಿದ್ದ ಪತ್ನಿ ಎಲಿಜಬೆತ್‌ಳೊಡನೆ ಆಸ್ಟ್ರೇಲಿಯಕ್ಕೆ ಹೋದನು; ಅವಳ ಸೋದರರು ಸ್ಟೀಫನ್ ಮತ್ತು ಚಾರ್ಲ್ಸ್ ಕಾಕ್ಸನ್ ಎಂಬವರು ಅದಕ್ಕೆ ಮೊದಲೇ ನ್ಯೂ ಸೌತ್ ವೇಲ್ಸಿನಲ್ಲಿ ನೆಲಸಿದ್ದರು. ಮರುವರ್ಷ ಡಿಸೆಂಬರಿನಲ್ಲಿ, ಅಂದರೆ ಆ ಭೂಭಾಗದ ಬೇಸಗೆಯಲ್ಲಿ, ಗೌಲ್ಡನು ಲಿವರ್‌ಪೂಲ್ ಬಯಲನ್ನು ಹೊಕ್ಕು ಮೂಕಿ ಹೊಳೆಯ ದಡಕ್ಕೆ ಬಂದಾಗ, ನಾವು ನೀಲಗಿರಿಯೆಂದು ಕರೆಯುವ ಜಾತಿಯ ಮಹಾವೃಕ್ಷಗಳ ಟೊಳ್ಳು ಕೊಂಬೆಗಳಲ್ಲೆಲ್ಲ ಈ ಗಿಳಿಗಳು ಮರಿಮಾಡುತ್ತಿದ್ದುವು. ಬಯಲಿನಲ್ಲಿ ಮಾಗಿದ ಹುಲ್ಲಿನ ಬೀಜಗಳನ್ನು ಅವು ನೂರುನೂರಾಗಿ ಮೇಯುತ್ತಿದ್ದುವು. ನಡುಹಗಲಿನ ಉರಿಯಲ್ಲಿ ಎಲೆಗಳ ನಡುವೆ ಅಲುಗದೆ ಕುಳಿತು ಇದ್ದೂ ಇಲ್ಲದಂತಾಗುತ್ತಿದ್ದುವು. 1840ರಲ್ಲಿ ಅವನು ಇಂಗ್ಲೆಂಡಿಗೆ ಮರಳಿದಾಗ ಚಾರ್ಲ್ಸ್ ಕಾಕ್ಸನ್ ಮನೆಯಲ್ಲಿ ಸಾಕಿದ್ದ ಕೆಲವು ಹಕ್ಕಿಗಳು ಜೊತೆಯಲ್ಲಿದ್ದುವು. ಯೂರೋಪಿಗೆ ಜೀವಸಹಿತ ತಲುಪಿದ ಮೊದಲ ಬಡ್ಜರಿಗಾರ್‌ಗಳೆಂದು ಸಾಮಾನ್ಯವಾಗಿ ಹೇಳುವುದು ಅವನ್ನೇ. ಎಲಿಜಬೆತ್ ಮರುವರ್ಷವೇ ತೀರಿಕೊಂಡಳು. ಏಳು ಸಂಪುಟಗಳಾಗಿ ಬೆಳೆದ ಆಸ್ಟ್ರೇಲಿಯದ ಪಕ್ಷಿಗ್ರಂಥ ಪೂರ್ಣಗೊಂಡುದನ್ನು ಅವಳು ನೋಡಲಿಲ್ಲ.

ಗೌಲ್ಡನು ಕಂಡುದರಲ್ಲಿ, ಮುಂದೆ ಈ ಹಕ್ಕಿಯನ್ನು ಸಾಕಬೇಕೆನ್ನುವವನಿಗೆ ಬೇಕಾದ ಶಾಸ್ತ್ರವೆಲ್ಲ ಬೀಜರೂಪದಲ್ಲಿ ಅಡಗಿತ್ತು. ಒಂದೇ ಮರದಲ್ಲಿ ಅನೇಕ ಸಂಸಾರಗಳು. ಪ್ರತಿಯೊಂದಕ್ಕೂ ಕತ್ತಲೆಗವಿದ ಪೊಟರೆ. ಗೂಡಿಗೆ ಕಡ್ಡಿಯಿಲ್ಲ, ಹುಲ್ಲಿಲ್ಲ, ಪೊಟರೆಯ ತಳದ ಮರದ ಹುಡಿಯೇ ಹಾಸಿಗೆ. ಆಸ್ಟ್ರೇಲಿಯದ ಒಳನಾಡಿನಲ್ಲಿ ಮಳೆ ಇಂಥ ತಿಂಗಳಿಗೆ ಬರುವುದೆಂಬ ನಿಯಮವಿಲ್ಲವಾದ್ದರಿಂದ ಅಲ್ಲಿಯ ಬಡ್ಜರಿಗಾರ್‌ಗೆ ಗೊತ್ತಾದ ವಸಂತಋತುವೂ ಇಲ್ಲ. ಮಳೆ ಬಿದ್ದು ಹುಲ್ಲು ತೆನೆಯೊಡೆದಲ್ಲಿಗೆ ಹಿಂಡು ಹಾರಿಹೋಗುತ್ತದೆ, ಬೀಜ ಸಾಕಷ್ಟಿದ್ದರೆ ಆಗಲೇ ಮರಿಮಾಡಲು ತೊಡಗುತ್ತದೆ, ತೀರಿತೆಂದರೆ ಮತ್ತೊಂದು ದಿಕ್ಕಿಗೆ ಹೊರಡುತ್ತದೆ. ಇಂಥ ಜೀವನದಲ್ಲಿ ಪ್ರಣಯಕ್ಕೆಂದು ತಿಂಗಳುಗಟ್ಟಲೆ ಕಾಲ ಕಳೆಯುವಂತಿಲ್ಲ. ಗಂಡುಹೆಣ್ಣುಗಳು ಬಹುಮಟ್ಟಿಗೆ ಯಾವಾಗಲೂ ಜೋಡಿಯಾಗಿಯೇ ಇದ್ದು, ಅವಕಾಶ ಬಂದ ದಿನವೇ ಸಂಸಾರಕ್ಕೆ ತೊಡಗಲು ಸಿದ್ಧವಾಗಿರಬೇಕು. ಮರಿಗಳೂ ಬೇಗ ಬೇಗ ಪ್ರಾಯಕ್ಕೆ ಬರಬೇಕು. ಈ ಕೊನೆಯ ಗುಣ ಪಂಜರದಲ್ಲಿ ಎಂಥ ಅನರ್ಥಕ್ಕೆ ಕಾರಣವಾಗುವುದೆಂಬುದನ್ನು ಮುಂದೆ ಹೇಳಬೇಕಾಗಿದೆ.

ಯೂರೋಪಿನವರಿಗೆ ಆ ಹೊತ್ತಿಗೆ ಹಕ್ಕಿ ಸಾಕುವುದೆಂದರೆ ಕೆನೇರಿಯನ್ನು ಸಾಕುವುದೆಂದೇ ಅರ್ಥ. ಜರ್ಮನಿಯ ಹಾರ್ಜ್ ಬೆಟ್ಟಸೀಮೆಯಲ್ಲಿ ಆ ಹಕ್ಕಿಯನ್ನು ಹಾಡುಗಾರಿಕೆಗೆ ಸಿದ್ಧಪಡಿಸುವುದು ಮನೆಮನೆಯ ಕಸುಬಾಗಿತ್ತು. ಗಂಡುಗಳನ್ನು ಒಂದೊಂದಾಗಿ ಚಿಕ್ಕ ಚಿಕ್ಕ ಪಂಜರಗಳಲ್ಲಿರಿಸಿ, ಅವುಗಳ ಏಕಾಂತದಿಂದಲೇ ಸಂಗೀತವನ್ನು ಹಿಂಡಿ ತೆಗೆಯುವ ವಿದ್ಯೆಯನ್ನು ಅಲ್ಲಿಯ ಜನ ತಲೆಮಾರುಗಳಿಂದ ಬೆಳೆಸಿದ್ದರು. ಕೆನೇರಿಗೆ ಬಟ್ಟಲಿನಂಥ ತೆರೆದ ಗೂಡು ಸಾಕು, ನೆಮ್ಮದಿಯ ಮೂಲೆಯಿದ್ದರೆ ಒಂದೇ ಜೋಡಿ ಸುಖವಾಗಿ ಮರಿಮಾಡುತ್ತದೆ. ಈ ಅನುಭವವನ್ನು ಹೊತ್ತು ಬಡ್ಜರಿಗಾರ್ ಕಡೆಗೆ ತಿರುಗಿದವನಿಗೆ ಹೆಜ್ಜೆಹೆಜ್ಜೆಗೂ ಅದರ ವಿಪರೀತವೇ ಎದುರಾಗುವುದು ಸಹಜ: ತೆರೆದ ಬಟ್ಟಲನ್ನು ಇದು ಕಣ್ಣೆತ್ತಿಯೂ ನೋಡದು; ಏಕಾಂತ ಇದಕ್ಕೆ ಸಂಗೀತವನ್ನಾಗಲಿ ಸಂತಾನವನ್ನಾಗಲಿ ಕೊಡದು. ಗುಮ್ಮಟದ ಆಕಾರದ, ಎತ್ತರವಾಗಿ ಇಕ್ಕಟ್ಟಾದ ಹಿತ್ತಾಳೆಯ ಪಂಜರಗಳು ಶ್ರೀಮಂತರ ದಿವಾನಖಾನೆಗೆ ಅಲಂಕಾರವಾಗಿದ್ದುವು ನಿಜ. ಆದರೆ ಅಡ್ಡಡ್ಡಲಾಗಿ ಹಾರಿ ಬದುಕುವ ಈ ಹಕ್ಕಿಗೆ ಎತ್ತರದಿಂದ ಪ್ರಯೋಜನವೇನು? ಅದಕ್ಕೆ ಬೇಕಾದುದು ಉದ್ದ.

ಪೊಟರೆಯ ಮರ್ಮ ತಿಳಿದುದರಿಂದ ಬಾಗಿಲು ತೆರೆಯಿತು. ಒಳಗನ್ನು ಕೊರೆದ ಮರದ ತುಂಡುಗಳನ್ನೂ, ನಾರಿನ ಸಮೇತವಾಗಿ ತೂತು ಮಾಡಿದ ತೆಂಗಿನಕಾಯಿಯ ಕರಟಗಳನ್ನೂ ದೊಡ್ಡ ಪಂಜರಗಳ ಗೋಡೆಗೆ ತೂಗುಹಾಕತೊಡಗಿದ ಮೇಲೆ, 1850ರ ದಶಕದಿಂದೀಚೆಗೆ, ಬೆಲ್ಜಿಯಂ ಜರ್ಮನಿಗಳಲ್ಲಿ ಬಡ್ಜರಿಗಾರ್ ಮರಿಮಾಡಿದ ಸುದ್ದಿಗಳು ಬಂದುವು. ಜರ್ಮನಿಯ ಕಾರ್ಲ್ ರುಸ್ ಎಂಬಾತನು 1872ರಲ್ಲಿ ಹಕ್ಕಿ ಸಾಕುವವರಿಗೆಂದೇ ಪತ್ರಿಕೆಯೊಂದನ್ನು ಆರಂಭಿಸಿ, ಈ ಗಿಳಿಯನ್ನು ಕುರಿತು ಪ್ರತ್ಯೇಕವಾದ ಪುಸ್ತಕವನ್ನೇ ಬರೆದು, ಬಲ್ಲವರ ಗುಟ್ಟನ್ನು ಬಡವರ ಮನೆಗೂ ತಲುಪಿಸಿದನು. ಇತ್ತ ಕಡಲ ವ್ಯಾಪಾರವೂ ಅವ್ಯಾಹತವಾಗಿ ಸಾಗಿತ್ತು. ಆಸ್ಟ್ರೇಲಿಯದ ನೀರಿನ ಹೊಂಡಗಳ ಬಳಿ ಬಲೆಹಾಸಿ ಹಿಡಿದ ಹಕ್ಕಿಗಳನ್ನು ಸಾವಿರಗಟ್ಟಲೆಯಾಗಿ ಹಡಗಿಗೇರಿಸುತ್ತಿದ್ದರು. ದಾರಿಯಲ್ಲಿ ಸತ್ತುವನ್ನು ಸಮುದ್ರಕ್ಕೆ ಎಸೆದು ಉಳಿದುವನ್ನು ಮಾರಿದರೂ ಲಾಭಕ್ಕೆ ಕೊರತೆಯಿರಲಿಲ್ಲವೆಂದರೆ ಆ ಕಸುಬಿನ ಕ್ರೌರ್ಯವನ್ನು ಊಹಿಸಿಕೊಳ್ಳಬಹುದು. 1894ರಲ್ಲಿ ಆಸ್ಟ್ರೇಲಿಯದಿಂದ ಇವುಗಳ ರಫ್ತಿಗೆ ನಿಷೇಧ ಬಂದಾಗ ಯೂರೋಪು ಅದರಿಂದ ಅಷ್ಟೇನೂ ಕಂಗೆಡಲಿಲ್ಲ. ಫ್ರಾನ್ಸಿನ ತುಲೂಸ್ ನಗರದಲ್ಲಿ ಅಷ್ಟರಲ್ಲಿಯೇ ಬಡ್ಜರಿಗಾರ್ ಸಾಕಣೆ ಕೈಗಾರಿಕೆಯಾಗಿ ಬೆಳೆದು, ವಿಶಾಲವಾದ ಜಾಲರಿಮನೆಗಳಲ್ಲಿ ಹತ್ತಾರು ಸಾವಿರ ಹಕ್ಕಿಗಳು ತಾವೇ ಜೋಡಿ ಕಟ್ಟಿಕೊಂಡು ಮರಿಮಾಡತೊಡಗಿದ್ದುವು. ಕಾಡಿನ ಸಂಸಾರದ ಅನುಕರಣೆಯೇ ಈ ಜಾಲರಿಮನೆಯ ಸೂತ್ರ: ಜೋಡಿಯನ್ನು ಹಕ್ಕಿಯೇ ಆರಿಸಲಿ, ನೆರೆಹೊರೆ ದಟ್ಟವಾಗಿರಲಿ, ಪೊಟರೆ ಧಾರಾಳವಾಗಿರಲಿ.

ಆ ಪ್ರಣಯವಾದರೂ ಎಂಥದು? ಒಮ್ಮೆ ಕುಳಿತು ನೋಡಲು ತಕ್ಕುದು. ಗಂಡು ಮೊದಲು ಕೊಂಬೆಯ ಮೇಲೆ ಪಕ್ಕಪಕ್ಕಕ್ಕೆ ಜರುಗಿ ಹೆಣ್ಣಿನ ಬಳಿಗೆ ಬರುತ್ತದೆ. ನೆತ್ತಿಯ ಮತ್ತು ಕೊರಳಿನ ಗರಿಗಳನ್ನು ಉಬ್ಬಿಸಿ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಬಿರುಸಾಗಿ ಆಡಿಸುತ್ತದೆ. ಕಣ್ಣಿನ ಪಾಪೆ ಕ್ಷಣಕ್ಷಣಕ್ಕೂ ಕಿರಿದಾಗಿ ಅದರ ಸುತ್ತಣ ಬಿಳಿಯ ಬಳೆ ಅಗಲವಾಗಿ ಮಿನುಗುತ್ತದೆ. ತನ್ನ ಕೊಕ್ಕಿನಿಂದ ಹೆಣ್ಣಿನ ಕೊಕ್ಕನ್ನು ಟಕಟಕನೆ ಕುಟ್ಟಿ, ಹಿಂದಕ್ಕೆ ಕುಪ್ಪಳಿಸಿ, ಮತ್ತೆ ಮುಂದಕ್ಕೆ ಬಂದು ಕುಟ್ಟುತ್ತದೆ. ಇದೆಲ್ಲದರ ನಡುವೆ ಎಡೆಬಿಡದೆ ಒಂದು ಮೆಲ್ದನಿಯ ಗೊಣಗುಹಾಡು. ಹೆಣ್ಣು ಬಹುವೇಳೆ ಇದಾವುದನ್ನೂ ಲಕ್ಷಿಸದಂತೆ ಕುಳಿತಿರುತ್ತದೆ, ಕೆಲವು ವೇಳೆ ಗದರಿ ಓಡಿಸುತ್ತದೆ. ಒಲಿದರೆ ಗುಟುಕಿನ ಸರದಿ: ಗಂಡು ತನ್ನ ಗಂಟಲಚೀಲದಿಂದ ಅರೆಬರೆ ಜೀರ್ಣವಾದ ಕಾಳನ್ನು ಮೇಲಕ್ಕೆ ತಂದು ಹೆಣ್ಣಿನ ಬಾಯಿಗೆ ಇಡುತ್ತದೆ. ನೋಡುವವರು ಇದನ್ನು ಮುತ್ತೆಂದು ಭ್ರಮಿಸಿ ಸಂತೋಷಪಡುವರು. ವಾಸ್ತವವಾಗಿ ಇದು ಪರೀಕ್ಷೆ. ಹೆಣ್ಣು ದಿನ ಬಿಟ್ಟು ದಿನದಂತೆ ನಾಲ್ಕರಿಂದ ಆರು ಮೊಟ್ಟೆಗಳನ್ನಿಟ್ಟು, ಸುಮಾರು 18 ದಿನ ತಾನೊಂದೇ ಕಾವು ಕೊಡುವುದು. ಆಗಲೂ, ಮರಿಗಳು ಎಳೆಯವಾಗಿರುವಾಗಲೂ, ಕತ್ತಲೆಯ ಗೂಡನ್ನು ಬಿಟ್ಟು ಹೊರಬರುವುದು ಅಪರೂಪ. ಆ ಕಾಲದಲ್ಲಿ ಅದರ ಹೊಟ್ಟೆ ತುಂಬಬೇಕಾದುದು ಗಂಡಿನ ಗುಟುಕಿನಿಂದ. ಕೊಂಬೆಯ ಮೇಲೆಯೇ ಗುಟುಕು ಕೊಡಲಾರದವನು ಗೂಡಿನ ಬಾಯಲ್ಲಿ ಕೊಟ್ಟಾನೆಯೆ?

ಜಾಲರಿಮನೆಯ ಸ್ವಾತಂತ್ರ್ಯ ಬಹುಕಾಲ ಉಳಿಯಲಿಲ್ಲ. ಅದನ್ನು ಕೆಡಿಸಿದುದು ಬಣ್ಣ. ಕಾಡಿನ ಬಡ್ಜರಿಗಾರ್ ಹಸುರು ಮೈಯ, ಹಳದಿ ಮುಖದ, ಬೆನ್ನಿನ ಮೇಲೆ ಅಲೆಯಲೆಯಾಗಿ ಕಪ್ಪುಗೆರೆಗಳುಳ್ಳ ಹಕ್ಕಿ. 1870ರ ದಶಕದಲ್ಲಿ ಬೆಲ್ಜಿಯಂನಲ್ಲಿ ಹಳದಿ ಮೈಯವು ಹುಟ್ಟಿದುವು; ಅದರ ಹಿಂದೆಯೇ ಅಲ್ಲಿಯೇ ಆಕಾಶನೀಲದ ಮರಿಗಳು ಕಾಣಿಸಿಕೊಂಡುವು. 1910ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ನೀಲಿಯ ಜೋಡಿಯನ್ನು ಕಂಡವರು ಬೆರಗಾದರು. 1915ರಲ್ಲಿ ತುಲೂಸಿನಲ್ಲಿ ಗಾಢವಾದ ಹಸುರು ಹುಟ್ಟಿ, ಅದರ ಮತ್ತು ನೀಲಿಯ ಸಂಯೋಗದಿಂದ ಇನ್ನೂ ಹಲವು ಛಾಯೆಗಳು ಹೊರಟುವು. ನೀಲಿ ಬಣ್ಣ ಎರಡು ತಲೆಮಾರಿನ ಲೆಕ್ಕಾಚಾರವಿಲ್ಲದೆ ದೊರಕತಕ್ಕದ್ದಲ್ಲ. ಹಸುರಾಗಿ ಕಂಡರೂ ಒಳಗೆ ನೀಲಿಯನ್ನು ಹೊತ್ತ ಹಕ್ಕಿಗಳನ್ನು ಗುರುತಿಸಿ ಕೂಡಿಸಬೇಕು. ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡುಂಕರ್ ಎಂಬ ಉಪಾಧ್ಯಾಯನು 1920ರ ದಶಕದಲ್ಲಿ ಮೆಂಡೆಲನ ನಿಯಮಗಳನ್ನು ಈ ಹಕ್ಕಿಗೆ ಅನ್ವಯಿಸಿ ಯಾವ ಜೋಡಿಗೆ ಯಾವ ಬಣ್ಣದ ಮರಿ ಎಂಬುದನ್ನು ಮುಂಗಾಣುವ ದಾರಿಯನ್ನು ತೋರಿಸಿದನು. ಅಲ್ಲಿಂದ ಮುಂದೆ ವರನನ್ನು ಆರಿಸುವ ಅಧಿಕಾರ ಹೆಣ್ಣುಹಕ್ಕಿಯ ಕೈತಪ್ಪಿ ಯಜಮಾನನ ಕೈಗೆ ಬಂದಿತು. ಜಾತಕ ನೋಡಿ ಗೋತ್ರ ಕೂಡಿಸುವ ಶಾಸ್ತ್ರಿಗಳಿಗೆ ಕಡಮೆಯಿಲ್ಲದ ಶ್ರದ್ಧೆಯಿಂದ ಅವನು ವಂಶಾವಳಿಯ ಪುಸ್ತಕವನ್ನು ಬರೆದಿಡತೊಡಗಿದನು.

ಮನುಷ್ಯರ ಪ್ರಣಯವೂ ಇದಕ್ಕೆ ತಗಲಿಕೊಂಡ ಪ್ರಸಂಗವೊಂದುಂಟು. 1920ರ ದಶಕದ ಮಧ್ಯದಲ್ಲಿ ಜಪಾನಿನ ಸಿರಿವಂತ ಯುವಕರಲ್ಲಿ, ಮದುವೆಯಾಗಲಿರುವ ಕನ್ಯೆಗೆ ನೀಲಿ ಬಡ್ಜರಿಗಾರ್‌ಗಳನ್ನು ಉಡುಗೊರೆಯಾಗಿ ಕೊಡುವ ಹುಚ್ಚು ಹಬ್ಬಿತು. ಜೋಡಿಯೊಂದಕ್ಕೆ ನೂರು ಪೌಂಡಿಗೂ ಮಿಗಿಲಾಗಿ ಬೆಲೆ ಏರಿತು. ಯೂರೋಪಿನವರು ಇದ್ದಬದ್ದ ನೀಲಿಗಳನ್ನೆಲ್ಲ ಹಡಗಿಗೆ ತುಂಬಿದರು. ಕೆಲವೇ ವರ್ಷಗಳಲ್ಲಿ ಹುಚ್ಚು ಇಳಿದು, ಬೆಲೆಯೂ ನೆಲಕಚ್ಚಿ, ಹಲವರು ಕೈಸುಟ್ಟುಕೊಂಡರು. 1929-30ರಲ್ಲಿ ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಜ್ವರ ಹಲವು ದೇಶಗಳಲ್ಲಿ ಕಾಣಿಸಿಕೊಂಡು, ಬ್ರಿಟನ್ ಅಮೆರಿಕಗಳು ಗಿಳಿಗಳ ಆಮದನ್ನು ತಡೆದುವು. ಇದರಿಂದಾದುದು ವಿಚಿತ್ರವಾದ ಉಪಕಾರ: ಹೊರಗಿನಿಂದ ತರುವ ದಾರಿ ಮುಚ್ಚಿದ್ದರಿಂದ ಮನೆಯಲ್ಲಿಯೇ ಬೆಳೆಸುವ ಕಲೆ ಹದಗೊಂಡಿತು. 1925ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾಗಿದ್ದ ಬಡ್ಜರಿಗಾರ್ ಸಂಘವು ಪ್ರದರ್ಶನಗಳನ್ನು ನಡಸಿ, ಆದರ್ಶದ ಹಕ್ಕಿ ಹೇಗಿರಬೇಕೆಂಬ ಪ್ರಮಾಣವನ್ನು ವಿಧಿಸಿತು.

ಆದರೆ ಯಜಮಾನ ಆರಿಸಿದ ವರನೊಡನೆ ಹೆಣ್ಣನ್ನು ಒಂದು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಸಂಸಾರ ನಡೆಯಬೇಕಲ್ಲ! ಒಂದೇ ಜೋಡಿಯನ್ನು ತಂದು ಮನೆಯಲ್ಲಿಟ್ಟುಕೊಂಡವರು ಬಹುಮಟ್ಟಿಗೆ ನಿರಾಶರಾಗುತ್ತಿದ್ದರು. ಅದೇ ಜೋಡಿ ಬೇರೆ ಜೋಡಿಗಳಿರುವ ಕೋಣೆಗೆ ಹೋದೊಡನೆ ಮೊಟ್ಟೆಯಿಡುತ್ತಿತ್ತು. ಇದನ್ನು ಅನುಭವದಿಂದ ಅರಿತ ಸಾಕಣೆಗಾರರು ಕಂಡುಕೊಂಡ ರಾಜಿಯೆಂದರೆ ಮರಿಮಾಡಿಸುವ ಕೋಣೆ: ಗೋಡೆಯುದ್ದಕ್ಕೂ ಸಾಲುಸಾಲಾಗಿ, ಒಂದರ ಮೇಲೊಂದು, ಜೋಡಿಗೊಂದರಂತೆ ಪಂಜರಗಳು, ನಡುವೆ ಹಲಗೆಯ ಅಡ್ಡ, ಮುಂದೆ ತಂತಿ. ನಮ್ಮ ಪೇಟೆಗಳ ಹಳೆಯ ವಠಾರವನ್ನು ಕಂಡವರಿಗೆ ಈ ರಚನೆಯನ್ನು ವಿವರಿಸಬೇಕಾಗಿಲ್ಲ. ನೆರೆಮನೆಯವರು ಕಣ್ಣಿಗೆ ಕಾಣರು, ಅವರ ಮಾತೆಲ್ಲ ಕಿವಿಗೆ ಬೀಳುತ್ತದೆ. ತೆಂಗಿನ ಕರಟಕ್ಕೆ ಬದಲಾಗಿ ಮರದ ಪೆಟ್ಟಿಗೆ ಬಂದಿತು. ಅದರ ತಳಕ್ಕೆ ಮೊಟ್ಟೆ ಉರುಳದಂತೆ ಕುಳಿ ತೋಡಿದ ಹಲಗೆ ಬಂದಿತು.

ಹಲಗೆಯ ಅಡ್ಡವಿದ್ದರೂ ಪ್ರಣಯ ಹಬ್ಬಿದುದೇಕೆಂಬುದಕ್ಕೆ ಶಾಸ್ತ್ರೀಯವಾದ ಉತ್ತರ ದೊರೆತುದು 1960ರ ದಶಕದಲ್ಲಿ. ಬಾರ್ಬರಾ ಬ್ರಾಕ್ವೇ ಎಂಬ ಅಮೆರಿಕದ ವಿದುಷಿ ಪ್ರಯೋಗಗಳಿಂದ ತೋರಿಸಿಕೊಟ್ಟಂತೆ, ಗಂಡಿನ ಆ ಗೊಣಗುಹಾಡು ಕಿವಿಗೆ ಬೀಳುವುದರಿಂದ ಹೆಣ್ಣಿನ ಅಂಡಾಶಯ ಬಲಿಯುತ್ತದೆ, ಮೊಟ್ಟೆಯಿಡುವ ಪ್ರವೃತ್ತಿ ಕೆರಳುತ್ತದೆ. ಗೂಡಿನ ಕತ್ತಲೆ ಅದಕ್ಕೆ ಸಹಕಾರಿಯಾಗುತ್ತದೆ. ಗಂಡುಗಳೂ ಒಂದರ ದನಿಯಿಂದ ಇನ್ನೊಂದು ಹುರುಪುಗೊಳ್ಳುತ್ತವೆ. ಹೀಗೆ ಈ ಹಕ್ಕಿಯ ದಾಂಪತ್ಯ ಇಬ್ಬರೊಳಗಿನ ಗುಟ್ಟಾಗಿರದೆ ಕೇರಿಯ ವ್ಯವಹಾರವಾಗಿರುವುದು. ಅನಂತರ ಬಂದ ಸಂಶೋಧನೆಗಳು ಈ ಚಿತ್ರಕ್ಕೆ ಇನ್ನೂ ಹಲವು ಗೆರೆಗಳನ್ನು ಸೇರಿಸಿವೆ. ಜೋಡಿಯಾದ ಮೇಲೆ ಗಂಡು ಹೆಣ್ಣಿನ ಕರೆಯ ದನಿಯನ್ನು ಅಭ್ಯಾಸಮಾಡಿ ತನ್ನದಾಗಿಸಿಕೊಳ್ಳುತ್ತದೆ. ನೆತ್ತಿಯ ಹಳದಿ ಗರಿಗಳು ಅತಿನೇರಿಳೆ ಕಿರಣವನ್ನು ಹೀರಿ ಬೆಳಗುವುದನ್ನು ಹೆಣ್ಣು ಗಮನಿಸುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೆಣ್ಣು ಮೊದಲು ಮೆಚ್ಚದೆ ಬಿಟ್ಟ ಗಂಡಿಗೆ ಕಾಳಿನ ಡಬ್ಬಿಯ ಮುಚ್ಚಳ ತೆರೆಯುವ ಉಪಾಯವನ್ನು ಕಲಿಸಿ, ಅದು ತೆರೆಯುವುದನ್ನು ಹೆಣ್ಣಿಗೆ ತೋರಿಸಿದಾಗ, ಹೆಣ್ಣು ತನ್ನ ಒಲವನ್ನು ಅದರ ಕಡೆಗೆ ತಿರುಗಿಸಿತು. ಇವನ್ನೆಲ್ಲ ಕೇಳಿ ಪತಿವ್ರತಾಧರ್ಮದ ಉಪಾಖ್ಯಾನ ಬರೆಯಹೊರಟವರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಬೇಕು: ತನ್ನ ಹೆಣ್ಣು ಎದುರಿಗಿರುವಾಗ ಸಭ್ಯನಾಗಿರುವ ಗಂಡು, ಅದು ಕಣ್ಮರೆಯಾದಾಗ ನೆರೆಯ ಹೆಣ್ಣಿನ ಮುಂದೆ ತಲೆಯಾಡಿಸುವುದನ್ನು ವಿದ್ವಾಂಸರು ಪರೀಕ್ಷಿಸಿ ದಾಖಲೆಮಾಡಿದ್ದಾರೆ.

ಕೇರಿಯೆಂದ ಮೇಲೆ ಜಗಳವೂ ಇರಬೇಕಷ್ಟೆ. ಅದರ ಮೂಲ ಗೂಡು. ಗಂಡುಗಳು ಹೆಣ್ಣಿಗಾಗಿ ಕಾದಾಡುವುದು ಕಡಮೆ. ಹೆಣ್ಣುಗಳು ಗೂಡಿಗಾಗಿ ಕಾದಾಡುವುದು ಘೋರ. ಹೆಣ್ಣುಗಳಷ್ಟೇ ಸಂಖ್ಯೆಯ ಗೂಡುಗಳಿದ್ದರೂ ಎರಡು ಹೆಣ್ಣುಗಳ ಕಣ್ಣು ಒಂದೇ ಗೂಡಿನ ಮೇಲೆ ಬೀಳುವುದುಂಟು. ಎಲ್ಲಕ್ಕಿಂತ ಎತ್ತರದಲ್ಲಿರುವ ಗೂಡಿಗಂತೂ ಯುದ್ಧ ನಿಶ್ಚಯ. ಕಾಲನ್ನು ಕಚ್ಚಿ ಮುರಿಯುವುದು, ಪರರ ಗೂಡಿಗೆ ನುಗ್ಗಿ ಮೊಟ್ಟೆಯನ್ನು ಒಡೆಯುವುದು, ಮರಿಯನ್ನು ಕೊಲ್ಲುವುದು, ಇವೆಲ್ಲ ಈ ಮುದ್ದಾದ ಹಕ್ಕಿಯಿಂದ ನಡೆಯುವ ಕೃತ್ಯಗಳೇ. ಆದ್ದರಿಂದ ಗುಂಪಿನಲ್ಲಿ ಸಾಕುವವರು ಗೂಡುಗಳನ್ನು ಹೆಣ್ಣುಗಳ ಸಂಖ್ಯೆಗಿಂತ ಹೆಚ್ಚಾಗಿಯೂ, ಒಂದೇ ಆಕಾರದಲ್ಲಿಯೂ, ಒಂದೇ ಎತ್ತರದಲ್ಲಿಯೂ ಇಡುವುದನ್ನು ರೂಢಿಮಾಡಿಕೊಂಡರು. ಜೋಡಿಯಿಲ್ಲದ ಹೆಣ್ಣನ್ನು ಗುಂಪಿನಿಂದ ಹೊರಗಿಡುವುದೂ ಅದೇ ಅನುಭವದಿಂದ ಬಂದ ಪದ್ಧತಿ.

ನಮ್ಮ ನಾಡಿಗೆ ಈ ಹಕ್ಕಿಯ ಸಂಬಂಧ ಬಲವಾದುದಕ್ಕೆ ಕಾನೂನೂ ಒಂದು ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1990ರ ಸುಮಾರಿಗೆ ದೇಶದ ಕಾಡುಹಕ್ಕಿಗಳ ವ್ಯಾಪಾರದ ಮೇಲೆ ಬಂದ ನಿಷೇಧವೂ ಸೇರಿ, ನಮ್ಮ ಹಳೆಯ ಪಂಚವರ್ಣದ ಕಲ್ಪನೆಯ ಗಿಳಿಯನ್ನು, ಕೊರಳಿಗೆ ಕೆಂಪುಪಟ್ಟಿಯ ಆ ರಾಮಗಿಳಿಯನ್ನು, ಪಂಜರದಲ್ಲಿಡುವುದು ಅಪರಾಧವೆಂದು ವಿಧಿಸಿದುವು. ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿದ ಪರದೇಶದ ಹಕ್ಕಿಗೆ ಈ ಬಾಧೆಯಿರಲಿಲ್ಲ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಿನಲ್ಲಾಗಲಿ ಜಿಲ್ಲೆಯ ಊರುಗಳ ಸಂತೆಬೀದಿಯಲ್ಲಾಗಲಿ ಹಸುರು ಹಳದಿ ನೀಲಿಗಳ ಈ ಗದ್ದಲವನ್ನು ಕೇಳದವರು ಕಡಮೆ. ಬಂದ ಹಕ್ಕಿ ನಮ್ಮ ಸಾಮಗ್ರಿಗಳಿಗೆ ಹೊಂದಿಕೊಂಡಿತು. ಆಸ್ಟ್ರೇಲಿಯದ ಹುಲ್ಲುಬೀಜದ ಸ್ಥಾನದಲ್ಲಿ ನವಣೆ ನಿಂತಿತು. ಒಂದು ಕಾಲಕ್ಕೆ ರೈತರ ಮನೆಯ ಅನ್ನವಾಗಿದ್ದ ಆ ಧಾನ್ಯವನ್ನು ಪಟ್ಟಣದ ಮಕ್ಕಳು ಹಕ್ಕಿಯ ಕಾಳೆಂದೇ ಅರಿತಿದ್ದ ದಿನಗಳೂ ಇದ್ದುವು. ಸುಣ್ಣದ ಅಂಶಕ್ಕಾಗಿ ಗ್ರಂದಿಗೆ ಅಂಗಡಿಯ ಸಮುದ್ರನೊರೆ ಬಂದು ಪಂಜರದ ತಂತಿಗೆ ಸಿಕ್ಕಿಕೊಂಡಿತು.

ಎಲ್ಲಕ್ಕಿಂತ ಮುಖ್ಯವಾಗಿ, ಮರದ ಪೆಟ್ಟಿಗೆಯ ಬದಲು ಕುಂಬಾರನ ಮಡಕೆ. ಪಕ್ಕದಲ್ಲಿ ದುಂಡಗೆ ತೂತು ಮಾಡಿ, ಕೊರಳಿಗೆ ತಂತಿ ಬಿಗಿದು ತೂಗುಹಾಕಿದ ಈ ಪುಟ್ಟ ಮಡಕೆ ನಮ್ಮ ಹವೆಗೆ ತಕ್ಕ ಗೂಡೆಂದೇ ನನ್ನ ಅಭಿಪ್ರಾಯ. ಅದರ ಮಣ್ಣು ಬೇಸಗೆಯಲ್ಲಿ ತಂಪಾಗಿರುತ್ತದೆ. ತಳ ತಾನಾಗಿಯೇ ಗುಂಡಾಗಿರುವುದರಿಂದ ಮೊಟ್ಟೆಗಳು ಚದರುವುದಿಲ್ಲ. ಕೊಳೆಯಾದರೆ ಒಡೆದು ಹಾಕಿ ಹೊಸದನ್ನು ತರುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ಅದರ ದೋಷವೆಂದರೆ ಇಕ್ಕಟ್ಟು. ಆರು ಮರಿಗಳು ಬೆಳೆದಾಗ ಕೆಳಗಿನವು ನಜ್ಜುಗುಜ್ಜಾಗುವುದುಂಟು, ಒಳಗೆ ಏನಾಗಿದೆಯೆಂದು ನೋಡುವುದೂ ಕಷ್ಟ. ಕುಂಬಾರರು ಒಂದು ಸುತ್ತು ದೊಡ್ಡದಾಗಿ ಮಾಡಿದರೆ ಈ ಆಕ್ಷೇಪಣೆಯೂ ಹೋಗುತ್ತದೆ.

ಆದರೆ ಮಡಕೆಯನ್ನು ಮಾರುವ ಕ್ರಮ ಮಾತ್ರ ಸರಿಯಲ್ಲ. ಅಂಗಡಿಯವರು ಎಳೆಯ ಹಕ್ಕಿಗಳನ್ನೂ ಪಂಜರವನ್ನೂ ಮಡಕೆಯನ್ನೂ ಒಟ್ಟಿಗೇ ಕೊಟ್ಟು ಕಳುಹಿಸುವರು. ಮರಿ ಗೂಡಿನಿಂದ ಹೊರಬರುವುದು ಐದು ವಾರಗಳ ವಯಸ್ಸಿಗೆ. ಆಗ ಅದರ ಹಣೆಯ ಮೇಲೆ ಕೊಕ್ಕಿನ ಬುಡದವರೆಗೂ ಕಪ್ಪುಗೆರೆಗಳಿರುತ್ತವೆ, ಕಣ್ಣು ಬಿಳಿಯ ಬಳೆಯಿಲ್ಲದೆ ಪೂರ್ತಿ ಕಪ್ಪಾಗಿರುತ್ತದೆ, ಕೊಕ್ಕಿನ ಮೇಲಣ ಮೂಗಿನ ಪಟ್ಟಿ ಗಂಡಿಗೂ ಹೆಣ್ಣಿಗೂ ಹೆಚ್ಚುಕಡಮೆ ಒಂದೇ ಆಗಿ ಕಂಡು ಪಳಗಿದ ಕಣ್ಣನ್ನೂ ಮೋಸಗೊಳಿಸುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಮೊದಲ ಗರಿ ಉದುರಿ, ಗಂಡಿಗೆ ಆ ಪಟ್ಟಿ ನೀಲಿಯಾಗಿ, ಹೆಣ್ಣಿಗೆ ಮಾಸಲು ಬಿಳುಪಿನಿಂದ ಕಂದಿಗೆ ತಿರುಗತೊಡಗುತ್ತದೆ. ಕಾಡಿನ ಅನಿಶ್ಚಿತ ಮಳೆಗಾಗಿ ಪ್ರಕೃತಿ ಇತ್ತ ಶೀಘ್ರಯೌವನ ಇಲ್ಲಿ ಪ್ರಕಟವಾಗುತ್ತದೆ: ಪಂಜರದ ಎಳೆಯ ಗಂಡುಗಳು ತಲೆಯಾಡಿಸುತ್ತವೆ, ಕೊಕ್ಕು ಕುಟ್ಟುತ್ತವೆ, ಹೆಣ್ಣು ಸಿಕ್ಕದಿದ್ದರೆ ಪರಸ್ಪರ ಗುಟುಕು ಕೊಟ್ಟುಕೊಳ್ಳುತ್ತವೆ. ಇದರಲ್ಲಿ ಬಹುಭಾಗ ಆಟ, ಅಭ್ಯಾಸ. ಇದನ್ನೇ ದಾಂಪತ್ಯವೆಂದು ತಿಳಿದ ಯಜಮಾನನು ಎರಡು ಗಂಡುಗಳ ಮುಂದೆ ಮಡಕೆ ಕಟ್ಟಿ ವರ್ಷವಿಡೀ ಮೊಟ್ಟೆಗಾಗಿ ಕಾಯುವುದುಂಟು. ಅದು ನಗತಕ್ಕ ವಿಷಯ. ನಗಲಾರದ ವಿಷಯ ಇನ್ನೊಂದಿದೆ. ಮಡಕೆಯ ಕತ್ತಲೆಯೂ ಗಂಡಿನ ಹಾಡೂ ಸೇರಿ ಐದಾರು ತಿಂಗಳ ಹೆಣ್ಣನ್ನು ಮೊಟ್ಟೆಗೆ ಎಬ್ಬಿಸುತ್ತವೆ. ಎಳೆಯ ಮೈಯಲ್ಲಿ ಮೊಟ್ಟೆ ಸಿಕ್ಕಿಕೊಂಡು ಹಕ್ಕಿ ಸಾಯುತ್ತದೆ. ಉಳಿದರೂ ಮರಿಗಳಿಗೆ ಗುಟುಕು ಕೊಡುವ ಬುದ್ಧಿ ಬೆಳೆದಿರುವುದಿಲ್ಲ. ಒಂದೇ ಗೂಡಿನ ಒಡಹುಟ್ಟುಗಳನ್ನು ಜೋಡಿಯೆಂದು ಕೊಟ್ಟಿದ್ದರೆ, ಅವು ತಾವು ಒಡಹುಟ್ಟುಗಳೆಂದು ಹಿಂಜರಿಯುವುದೂ ಇಲ್ಲ. ಕೆಲವೇ ತಲೆಮಾರುಗಳಲ್ಲಿ ಸಂತಾನ ದುರ್ಬಲವಾಗುತ್ತದೆ.

ಆದುದರಿಂದ ಎಳೆಯ ಹಕ್ಕಿಗಳನ್ನು ಮನೆಗೆ ತಂದವರು ಮಡಕೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಉಚಿತ. ಉದ್ದವಾದ ಪಂಜರವೂ, ಹಲವು ಕೊಂಬೆಗಳೂ, ನವಣೆಯೂ ನೀರೂ ಸಾಕು. ಅಷ್ಟರಲ್ಲಿ ಅವು ಕೂಡಿ ಆಡಿಕೊಂಡು ಬೆಳೆಯುತ್ತವೆ. ವರ್ಷ ತುಂಬಿದ ಮೇಲೆ, ಜೋಡಿಗಳು ತಾವಾಗಿ ಗೊತ್ತಾದ ಮೇಲೆ, ಬೇರೆ ಬೇರೆ ಮನೆಗಳಿಂದ ತಂದ ಗಂಡುಹೆಣ್ಣುಗಳಿದ್ದರೆ ಮಾತ್ರ, ಹೆಣ್ಣುಗಳ ಸಂಖ್ಯೆಗಿಂತ ಎರಡು ಹೆಚ್ಚಾಗಿ ಮಡಕೆಗಳನ್ನು ತಂದು ಒಂದೇ ಎತ್ತರದಲ್ಲಿ ಕಟ್ಟಿ; ಎರಡು ಸಲ ಮರಿಗಳೆದ್ದ ಮೇಲೆ ಇಳಿಸಿಬಿಡಿ.